ಐದೂವರೆ ತಾಸಿನ ಸಿನಿಮಾ

“ಅಜ್ಜಾರೇ, ಆರು ವರ್ಷದಲ್ಲಿ ನೀವು ನನಗೆ ಉಪದೇಶ ಮಾಡಿದ್ದನ್ನೆಲ್ಲ ಒಟ್ಟು ಮಾಡಿದರೆ ಎರಡು ದಿನದ ಮಾತಾಗುತ್ತದೆ. ಮಿಕ್ಕಿದ್ದೆಲ್ಲ ಕಸಬರಿಗೆ, ಒಲೆ, ಬಾವಿ. ಆ ಎರಡು ದಿನದ ಮಾತನ್ನು ನಾನು ಬಂದ ಮೊದಲ ಎರಡು ದಿನದಲ್ಲೇ ಹೇಳಿ ಮುಗಿಸಿದ್ದರೆ ಏನಾಗುತ್ತಿತ್ತು?”

ಹೀಗೆ ಕೇಳಿದವನು ಕಲ್ಲಿನಾಥ. ಊರ ಹೊರಗಿನ ಒಂದು ಸಣ್ಣ ಮಠದಲ್ಲಿ ಅವನು ಶಿಷ್ಯನಾಗಿದ್ದ. ಮಠದ ಹಿರಿಯರನ್ನು ಸುತ್ತಲಿನ ಜನ ಅಜ್ಜನವರು ಎಂದೇ ಕರೆಯುತ್ತಿದ್ದರು. ಮಠದಲ್ಲಿ ಇದ್ದವರು ಇವರಿಬ್ಬರೇ.

ಕಲ್ಲಿನಾಥ ಬಂದಾಗ ಅವನಿಗೆ ಇಪ್ಪತ್ತೆಂಟು ವರ್ಷ. ಜ್ಞಾನ ಬೇಕೆಂದು ಬಂದಿದ್ದ. ಸಿಕ್ಕಿದ್ದು ಕೆಲಸ. ಬೆಳಕು ಹರಿಯುವ ಮೊದಲೇ ಎದ್ದು ಅಂಗಳ ಗುಡಿಸಬೇಕು, ನೀರು ಸೇದಬೇಕು, ಬಂದುಹೋಗುವವರಿಗೆ ರೊಟ್ಟಿ ಬಡಿಯಬೇಕು, ಪಾತ್ರೆ ತಿಕ್ಕಬೇಕು. ಸೋಮವಾರ ಪೂಜೆ ಮುಗಿದ ಮೇಲೆ ಅಜ್ಜನವರು ಏನಾದರೂ ಹೇಳುತ್ತಿದ್ದರು. ಅದೂ ಒಂದೊಂದು ಸಲ ಎರಡೇ ಮಾತು. ಎರಡು ಮಾತು ಹೇಳಿ, “ಬೇಳೆ ಬೆಂದಿತೇನು ನೋಡು ಹೋಗು” ಎಂದು ಎಬ್ಬಿಸಿ ಕಳಿಸುತ್ತಿದ್ದರು. ಆರು ವರ್ಷ ಇದೇ ಆಯಿತು. ಅವನಿಗೆ ಸಾಕು ಸಾಕಾಗಿಹೋಗಿತ್ತು. ಸಿಟ್ಟು ಕೂಡ ಉಳಿದಿರಲಿಲ್ಲ, ಬರೀ ದಣಿವು. ಮಲಗಿದರೆ ಬೆನ್ನು ನೋವು, ಎದ್ದರೆ ಮತ್ತೆ ಅದೇ ಅಂಗಳ.

ಪಟ್ಟಣದಲ್ಲಿ ಎಂಟು ದಿನದ ಶಿಬಿರ ನಡೆಯುತ್ತದೆ ಎಂದು ಯಾರೋ ಅವನಿಗೆ ಹೇಳಿದರು. ಬೆಳಿಗ್ಗೆಯಿಂದ ಸಂಜೆಯವರೆಗೆ ಬರೀ ಉಪದೇಶ. ಊಟ ಬಡಿಸುವವರು ಬೇರೆ, ಕಸ ಗುಡಿಸುವವರು ಬೇರೆ. ಕಲ್ಲಿನಾಥ ಹೋಗಿ ಹೆಸರು ಬರೆಸಿ ಬಂದ. ಇವತ್ತು ಚೀಲ ಕಟ್ಟಿಕೊಂಡು, ಕಾಲಿಗೆ ಬಿದ್ದು ಹೊರಡೋಣವೆಂದು ಬಂದವನ ಬಾಯಿಂದ ಈ ಪ್ರಶ್ನೆ ಬಿದ್ದುಹೋಗಿತ್ತು.

ಅಜ್ಜನವರು ಮುಂಗೋಪಿ. ರೊಟ್ಟಿ ಸೀದರೆ ಮನೆತನವನ್ನೆಲ್ಲ ಹಿಡಿದು ಬೈಯುವವರು. ಇವತ್ತೂ ಬೈಯುತ್ತಾರೆ ಎಂದು ಕಲ್ಲಿನಾಥ ತಲೆ ತಗ್ಗಿಸಿ ನಿಂತ. ಅವರು ಬೈಯಲಿಲ್ಲ.

“ಎರಡು ದಿನವೇ? ನಾನು ಒಂದೂವರೆ ದಿನ ಅಂದುಕೊಂಡಿದ್ದೆ,” ಎಂದರು. “ಬಸ್ಸು ಎಷ್ಟಕ್ಕೆ?”

“ನಾಲ್ಕಕ್ಕೆ.”

“ಹಾಗಾದರೆ ಹೊತ್ತಿದೆ. ಚೀಲ ಇಳಿಸಿ ಕೂತುಕೋ. ಒಂದು ಕತೆ ಹೇಳುತ್ತೇನೆ. ಸಿನಿಮಾ ಕತ್ತರಿಸುವವನ ಕತೆ. ಉದ್ದವಾಯಿತು ಅನ್ನಿಸಿದರೆ ನಡುವೆಯೇ ಎದ್ದು ಹೋಗು, ನಾನೇನೂ ತಿಳಿದುಕೊಳ್ಳುವುದಿಲ್ಲ.”

ಸಿನಿಮಾ ಎಂಬ ಮಾತು ಕೇಳಿ ಕಲ್ಲಿನಾಥ ಮುಖ ಎತ್ತಿದ.

“ಏನು ನೋಡುತ್ತೀ? ಸಿನಿಮಾದವರ ಸಂಕಟ ಸಂಕಟವಲ್ಲವೇನು?” ಎಂದು ಗದರಿ, ಅಜ್ಜನವರು ಶುರು ಮಾಡಿದರು.

ಒಂದು ಊರಿನಲ್ಲಿ ಒಬ್ಬ ಸಂಕಲನಕಾರನಿದ್ದ. ಮದುವೆ, ಬಸುರಿಯರ ಕುಬುಸ, ಹೊಸಮನೆಯ ಪೂಜೆ, ಇವುಗಳ ವಿಡಿಯೋಗಳನ್ನು ಕತ್ತರಿಸಿ ಜೋಡಿಸಿಕೊಡುವುದು ಅವನ ಕಸುಬು. ಮೂರು ದಿನದ ಮದುವೆಯನ್ನು ಒಂದು ತಾಸಿಗೆ ಇಳಿಸುತ್ತಿದ್ದ. ಬೀಗರು ಊಟಕ್ಕೆ ಕಾದು ಕೂತದ್ದು, ಓಲಗದವರು ತೂಕಡಿಸಿದ್ದು, ಮುದುಕಿಯರು ಕಂಬಕ್ಕೆ ಒರಗಿ ಎಲೆ ಅಡಿಕೆ ಮೆದ್ದದ್ದು, ಎಲ್ಲವನ್ನೂ ಕಿತ್ತು ಹಾಕುತ್ತಿದ್ದ. ತಾಳಿ, ಅಕ್ಷತೆ, ನಗು, ಇಷ್ಟು ಉಳಿಯುತ್ತಿತ್ತು. ಇವನ ಕೈಗೆ ಕೊಟ್ಟರೆ ನೋಡುವವರಿಗೆ ಬೇಸರವೇ ಆಗುವುದಿಲ್ಲ ಎಂದು ಸುತ್ತ ಹತ್ತೂರಿನಲ್ಲಿ ಹೆಸರಾಗಿತ್ತು.

ಅವನ ಹೆಂಡತಿ ಬಸ್ಸಿನಲ್ಲಿ ಕಂಡಕ್ಟರು. ಬೆಳಿಗ್ಗೆ ಐದಕ್ಕೆ ಡಿಪೋದಲ್ಲಿ ಇರಬೇಕು. ದಿನವಿಡೀ ನಿಂತೇ ಇರಬೇಕು. ಸಂಜೆ ಮನೆಗೆ ಬಂದರೆ ಕಾಲು ಬಾತಿರುತ್ತಿತ್ತು. ಅರ್ಧ ರೊಟ್ಟಿ ತಿನ್ನುವುದರೊಳಗೆ ಕಣ್ಣು ಎಳೆಯುತ್ತಿತ್ತು. ಗಂಡ ಏನಾದರೂ ಹೇಳುತ್ತಿದ್ದರೆ ಹೂಂ ಅನ್ನುತ್ತಲೇ ನಿದ್ದೆ ಹೋಗುತ್ತಿದ್ದಳು.

ಇಬ್ಬರೂ ಒಳ್ಳೆಯವರೇ. ಬಡಿದಾಟವಿಲ್ಲ, ಬೈದಾಟವಿಲ್ಲ. ಆದರೆ ಇಬ್ಬರ ನಡುವೆ ಒಂದು ಮಾತು ಮುಳ್ಳಿನ ಹಾಗೆ ಮುರಿದು ಒಳಗೇ ಉಳಿದಿತ್ತು.

ಸಂಕಲನಕಾರನಿಗೆ ತಂದೆ ತಾಯಿ ಇರಲಿಲ್ಲ. ಸಾಕಿ ಬೆಳೆಸಿದವನು ಅಣ್ಣ. ಅಣ್ಣ ಹಿಟ್ಟಿನ ಗಿರಣಿಯಲ್ಲಿ ದುಡಿಯುತ್ತಿದ್ದ. ಮದುವೆಯಾಗಲಿಲ್ಲ. ತಮ್ಮನ ಮದುವೆ ಮಾಡಿದ ಮರುವರ್ಷ, ಮೂರು ದಿನದ ಜ್ವರದಲ್ಲಿ ತೀರಿಕೊಂಡ. ಆ ದಿನ ಓಣಿಯೇ ಅತ್ತಿತು. ಮನೆಗೆ ಬಂದು ವರ್ಷ ತುಂಬದ ಹೆಂಡತಿಯೂ ಅತ್ತಳು. ತಮ್ಮ ಮಾತ್ರ ಅಳಲಿಲ್ಲ. ಹೂವು ಬಂತೇ, ನೀರು ಕಾಯಿತೇ, ದೂರದವರಿಗೆ ಹೇಳಿ ಕಳಿಸಿದರೇ ಎಂದು ಓಡಾಡುತ್ತಿದ್ದ. ಅಳು ಬರಲಿ ಎಂದು ಹಿತ್ತಲಿಗೆ ಹೋಗಿ ಒಬ್ಬನೇ ನಿಂತೂ ನೋಡಿದ. ಬರಲಿಲ್ಲ. ಯಾಕೆಂದು ಅವನಿಗೂ ತಿಳಿಯಲಿಲ್ಲ.

ಹೆಂಡತಿ ಅದನ್ನು ಕಂಡಿದ್ದಳು. ಆಗ ಏನೂ ಅನ್ನಲಿಲ್ಲ. ಎಷ್ಟೋ ದಿನದ ಮೇಲೆ, ಒಂದು ಸಣ್ಣ ವಿಷಯಕ್ಕೆ ಮಾತಿಗೆ ಮಾತು ಬೆಳೆದಾಗ ಅಂದುಬಿಟ್ಟಳು: “ಸಾಕಿದ ಅಣ್ಣ ಹೋದಾಗಲೇ ನಿಮ್ಮ ಕಣ್ಣು ಒದ್ದೆಯಾಗಲಿಲ್ಲ. ನಾಳೆ ನಾನು ಸತ್ತರೂ ಹೂವು ಬಂತೇ, ನೀರು ಕಾಯಿತೇ ಅಂತ ಓಡಾಡುತ್ತೀರಿ, ಅಷ್ಟೇ.”

ಅಂದ ಮೇಲೆ ಅವಳಿಗೇ ಕೆಡುಕೆನಿಸಿತು. ಅವನಿಗೋ ಉಣ್ಣುವಾಗ, ಮಲಗುವಾಗ, ಕೆಲಸಕ್ಕೆ ಕೂತಾಗ ಅದೇ ಮಾತು ಕಿವಿಯಲ್ಲಿ ಕೂಗುತ್ತಿತ್ತು. ತಾನು ಅಂಥವನಲ್ಲ ಎಂದು ಅವಳಿಗೆ ಹೇಗೆ ತೋರಿಸುವುದೆಂದು ಅವನಿಗೆ ಹೊಳೆಯಲಿಲ್ಲ.

ಎರಡು ವರ್ಷ ಕಳೆಯಿತು. ಊರಿಗೆ ಒಂದು ಸಾಹಸದ ಸಿನಿಮಾ ಬಂತು. ಎರಡು ಭಾಗ, ಒಟ್ಟು ಐದೂವರೆ ತಾಸು. ಶತ್ರುವಿನ ಕೋಟೆಯಲ್ಲಿ ಸೆರೆಯಾದ ರಾಜಕುಮಾರನನ್ನು ಬಿಡಿಸಿ ತರಲು ಎಂಟು ಜನ ಹೊರಡುತ್ತಾರೆ. ಮರಳುಗಾಡು ದಾಟುತ್ತಾರೆ, ನದಿ ದಾಟುತ್ತಾರೆ, ಹಿಮದ ಬೆಟ್ಟ ಹತ್ತುತ್ತಾರೆ. ಏಳು ಜನ ವೀರರು. ಎಂಟನೆಯವನು ಅಡುಗೆಯವನು. ಅವನು ಕತ್ತಿ ಹಿಡಿಯುವುದಿಲ್ಲ, ಉಪಾಯ ಹೇಳುವುದಿಲ್ಲ. ಎಲ್ಲರ ಹಿಂದೆ ಪಾತ್ರೆ ಹೊತ್ತು ನಡೆಯುತ್ತಾನೆ. ಎಲ್ಲರಿಗಿಂತ ಮೊದಲು ಎದ್ದು ಬೆಂಕಿ ಮಾಡುತ್ತಾನೆ.

ಎರಡನೆಯ ಭಾಗದಲ್ಲಿ, ಹಿಮದ ಬೆಟ್ಟದ ಮೇಲೆ, ಒಂದು ಬೆಳಿಗ್ಗೆ ಎಲ್ಲರೂ ಏಳುತ್ತಾರೆ, ಅಡುಗೆಯವನು ಏಳುವುದಿಲ್ಲ. ಅಷ್ಟೇ. ದಂಡನಾಯಕ ಅವನ ಮುಖ ನೋಡಿ, ಏನೂ ಮಾತಾಡದೆ, ತಾನೇ ಬೆಂಕಿ ಹೊತ್ತಿಸಲು ಕೂರುತ್ತಾನೆ. ಅವನಿಗೆ ಬರುವುದಿಲ್ಲ. ಬರೀ ಹೊಗೆ ಏಳುತ್ತದೆ.

ಸಂಕಲನಕಾರ ಥಿಯೇಟರಿನಲ್ಲಿ ಬಿಕ್ಕಿ ಬಿಕ್ಕಿ ಅತ್ತ. ಮುಂದಿನ ಸಾಲಿನವರು ತಿರುಗಿ ನೋಡಿದರು. ಅವನು ಬಾಯಿಗೆ ಕರವಸ್ತ್ರ ಒತ್ತಿಕೊಂಡ, ನಿಲ್ಲಲಿಲ್ಲ. ಅಣ್ಣ ಸತ್ತಾಗ ಬಾರದ ಅಳು ಅದು ಎಂದು ಅವನಿಗೆ ಆಗ ತಿಳಿಯಿತು. ಹೆಂಡತಿಗೆ ಇದನ್ನು ತೋರಿಸಬೇಕು, ಇಲ್ಲಿ ಅವಳೂ ಅಳುತ್ತಾಳೆ, ಆಗ ನನ್ನೊಳಗೆ ಏನಿತ್ತೆಂದು ನಾನು ಬಾಯಿಬಿಟ್ಟು ಹೇಳದೆಯೇ ಅವಳಿಗೆ ಗೊತ್ತಾಗುತ್ತದೆ ಎಂದುಕೊಂಡ.

ಕರೆದುಕೊಂಡು ಹೋದ. ಆ ಎಂಟು ಜನ ರಾಜಧಾನಿ ಬಿಟ್ಟು ಹೊರಡುವ ಮೊದಲೇ ಅವಳಿಗೆ ನಿದ್ದೆ. ಸಿನಿಮಾದ ಡಿವಿಡಿ ಬಂದ ಮೇಲೆ ಮನೆಯಲ್ಲೇ ಹಾಕಿದ. ಆಗಲೂ ನಿದ್ದೆ. ಮೂರನೆಯ ಸಲ ಅವಳೇ ಪಂತ ತೊಟ್ಟವಳಂತೆ ಎರಡು ಲೋಟ ಚಹಾ ಕುಡಿದು ಕೂತಳು. ಎಂಟು ಜನ ಕುದುರೆಗೆ ಜೀನು ಬಿಗಿಯುವುದರೊಳಗೆ ಅವಳ ತಲೆ ಗೋಡೆಗೆ ವಾಲಿತು.

ಎಚ್ಚರವಾದಾಗ ಅವಳಿಗೆ ನಾಚಿಕೆಯಾಯಿತು. “ನನ್ನಂಥವಳಿಗೆ ಐದೂವರೆ ತಾಸು ಎಲ್ಲಿಂದ ಬರಬೇಕು, ನೀವೇ ಹೇಳಿ,” ಎಂದಳು. “ಊರವರ ಮದುವೆಯನ್ನೆಲ್ಲ ಕತ್ತರಿಸಿ ಕೊಡುತ್ತೀರಿ. ಇದನ್ನೂ ಕತ್ತರಿಸಿ ಕೊಡಿ. ಕಣ್ಣು ಮಿಟುಕಿಸದೆ ನೋಡುತ್ತೇನೆ.”

ಅವನಿಗೆ ಜೀವ ಬಂದಂತಾಯಿತು. ಅದೇ ತನ್ನ ಕಸುಬಲ್ಲವೇ! ಮರುದಿನವೇ ಶುರು ಮಾಡಿದ.

ಅವನ ಕೆಲಸದ ಕ್ರಮ ಹೀಗಿತ್ತು. ಅಡುಗೆಯವನು ಏಳದ ಆ ಬೆಳಗನ್ನು ಮೊದಲು ತೆಗೆದು ಜೋಪಾನವಾಗಿ ಇಟ್ಟ. ಅದಕ್ಕೆ ಕತ್ತರಿ ಮುಟ್ಟಿಸಬಾರದು. ಮಿಕ್ಕ ಒಂದೊಂದು ತುಣುಕನ್ನೂ ನೋಡಿ, ಇದರಿಂದ ಮುಂದೆ ಏನಾದರೂ ನಡೆಯುತ್ತದೆಯೇ ಎಂದು ಕೇಳಿಕೊಳ್ಳುತ್ತಿದ್ದ. ನಡೆಯುತ್ತದೆ ಎಂದರೆ ಉಳಿಸುವುದು, ಇಲ್ಲ ಎಂದರೆ ತೆಗೆಯುವುದು. ಸುಮ್ಮನೆ ನಡೆಯುತ್ತಿರುವುದು, ಸುಮ್ಮನೆ ಕೂತಿರುವುದು, ಉಣ್ಣುವುದು, ಮಳೆ ನಿಲ್ಲಲೆಂದು ಬಂಡೆಯ ಕೆಳಗೆ ಕಾಯುವುದು, ಇವೆಲ್ಲ ಹೋದವು. ಮೊದಲ ಸಲಕ್ಕೆ ನಲವತ್ತು ನಿಮಿಷ ಇಳಿಯಿತು.

ಇಳಿಸಿದ ಮೇಲೆ ಪರೀಕ್ಷೆ ಮಾಡಬೇಕಲ್ಲ. ಮೊದಲಿನಿಂದ ಹಾಕಿಕೊಂಡು ನೋಡಿದ. ಆ ಬೆಳಗು ಬಂತು, ಅವನಿಗೆ ಅಳು ಬಂತು. ಕಣ್ಣು ಒರೆಸಿಕೊಂಡು, ಸರಿ, ಏನೂ ಕೆಟ್ಟಿಲ್ಲ, ಇನ್ನೂ ತೆಗೆಯಬಹುದು ಎಂದುಕೊಂಡ. ಮತ್ತೆ ಅರ್ಧ ತಾಸು ತೆಗೆದ. ಮತ್ತೆ ನೋಡಿದ. ಮತ್ತೆ ಅಳು ಬಂತು. ಮತ್ತೆ ತೆಗೆದ. ಹೀಗೆ ತನ್ನ ಕಣ್ಣೀರನ್ನೇ ಅಳತೆ ಮಾಡಿಕೊಂಡು ಇಳಿಸುತ್ತಾ ಹೋದ. ನಾಲ್ಕು ತಾಸಾಯಿತು, ಮೂರಾಯಿತು. ಪ್ರತಿ ಸಲವೂ ಅಳು ತಪ್ಪಲಿಲ್ಲ.

ಇದಕ್ಕೆ ಒಂದೂವರೆ ವರ್ಷ ಹಿಡಿಯಿತು. ಹಗಲು ಮದುವೆಯ ಕೆಲಸ, ಸಂಜೆ ಇದು, ರಜೆಯ ದಿನವೂ ಇದು. ಹೆಂಡತಿ ಉಣ್ಣಲು ಕರೆದರೆ, “ಇನ್ನೊಂದು ಹತ್ತು ನಿಮಿಷ, ನಿನಗಾಗಿಯೇ ಮಾಡುತ್ತಿರುವುದು” ಅನ್ನುತ್ತಿದ್ದ. ಅವಳು ಕಾದು ಕಾದು, ತಾಟು ಮುಚ್ಚಿಟ್ಟು, ಉಂಡು ಮಲಗುತ್ತಿದ್ದಳು. ಬೆಳಿಗ್ಗೆ ಅವನು ಏಳುವ ಹೊತ್ತಿಗೆ ಅವಳು ಡಿಪೋದಲ್ಲಿ. ಮೊದಲು ಅವಳು ನಿದ್ದೆಗಣ್ಣಿನಲ್ಲಾದರೂ ಹೂಂ ಅನ್ನುತ್ತಿದ್ದಳು. ಈಗ ಹೂಂ ಅನ್ನುವುದಕ್ಕೂ ಇವನು ಏನೂ ಹೇಳುತ್ತಿರಲಿಲ್ಲ. ಬೆನ್ನು ಬಾಗಿ, ಕಣ್ಣು ಕೆಂಪಾಗಿ, ಯಾವಾಗ ಮುಗಿಯುತ್ತದೋ ಎಂದು ಅವನಿಗೇ ಬೇಸರ ಬಂದುಹೋಗಿತ್ತು.

ಕಲ್ಲಿನಾಥನಿಗೆ ತಡೆಯಲಾಗಲಿಲ್ಲ. “ಅದರಲ್ಲಿ ಅವನ ತಪ್ಪೇನು ಅಜ್ಜಾರೇ? ಅವಳೇ ಕೇಳಿದ್ದಲ್ಲವೇ? ಅವಳಿಗಾಗಿಯೇ ಮಾಡಿದ್ದಲ್ಲವೇ?”

“ತಪ್ಪು ಎಂದು ನಾನೆಲ್ಲಿ ಅಂದೆ? ಎಲಾ ಇವನ! ಕತೆ ಅರ್ಧಕ್ಕೆ ಬರುವುದರೊಳಗೆ ವಕಾಲತ್ತು ಹಾಕುತ್ತಾನೆ,” ಎಂದು ಅಜ್ಜನವರು ಕಾಲು ನೀಡಿಕೊಂಡರು. “ಬಾಯಿ ಮುಚ್ಚಿಕೊಂಡು ಕೇಳು. ನನಗೂ ದಣಿವಾಗುತ್ತದೆ.”

ಕಡೆಗೆ ಸಿನಿಮಾ ಎರಡು ತಾಸಿಗೆ ಹತ್ತು ನಿಮಿಷ ಕಡಿಮೆ ಎಂಬಲ್ಲಿಗೆ ಬಂದು ನಿಂತಿತು. ಆದರೂ ಅವನಿಗೆ ಅಂಜಿಕೆ. ಹೆಂಡತಿಗೆ ತೋರಿಸುವ ಮೊದಲು ಬೇರೆಯವರೂ ನೋಡಲಿ ಎಂದು, ಅದೇ ಸಿನಿಮಾದ ಹುಚ್ಚು ಹಿಡಿದ ನಲವತ್ತು ಜನರಿಗೆ ಕಳಿಸಿದ. ಅವರೆಲ್ಲ ಬೇರೆ ಬೇರೆ ಊರಿನವರು. ಯಾರೂ ಯಾರ ಮುಖವನ್ನೂ ನೋಡಿದವರಲ್ಲ, ಫೋನಿನಲ್ಲಿ ಬರೆದುಕೊಳ್ಳುವ ಗೆಳೆತನ. ಒಬ್ಬೊಬ್ಬರೂ ಹೊಗಳಿ ಬರೆದರು. ಮೂಲಕ್ಕಿಂತ ಇದೇ ಮೇಲು ಎಂದರು. ಎಲ್ಲಿಯೂ ಒಂದು ನಿಮಿಷ ಹೆಚ್ಚಿಲ್ಲ ಎಂದರು. ಆ ಬೆಳಗು ಬಂದಾಗ ಅತ್ತುಬಿಟ್ಟೆವು ಎಂದು ನಲವತ್ತು ಜನರೂ ಬರೆದರು. ಅವನಿಗೆ ಧೈರ್ಯ ಬಂತು.

ಹೆಂಡತಿಗೆ ರಜೆಯ ದಿನ ನೋಡಿ ಹೇಳಿದ. ಪಾಪ, ಅವಳೂ ಎಷ್ಟು ಮಾಡಿದಳು! ಹಿಂದಿನ ದಿನ ಬೇಗ ಮಲಗಿ ತುಂಬ ನಿದ್ದೆ ಮಾಡಿದಳು. ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡಳು. ಚಾಪೆಯ ಮೇಲೆ ಕೂತರೆ ಒರಗಿಬಿಡುತ್ತೇನೆ ಎಂದು ಕಟ್ಟಿಗೆಯ ಕುರ್ಚಿ ಎಳೆದುಕೊಂಡು ನೆಟ್ಟಗೆ ಕೂತಳು. “ಹಾಕಿರಿ,” ಎಂದಳು.

ಅವನು ಹಾಕಿದ. ಅವಳು ನೋಡಿದಳು. ನಿಜಕ್ಕೂ ನೋಡಿದಳು. ಕುದುರೆ ಓಡಿದವು, ಸೇತುವೆ ಮುರಿಯಿತು, ನದಿಯಲ್ಲಿ ಇಬ್ಬರು ಕೊಚ್ಚಿಹೋಗಿ ಮತ್ತೆ ಸಿಕ್ಕರು. ಅವಳು ಒಂದೆರಡು ಸಲ “ಅಯ್ಯಯ್ಯೋ” ಎಂದು ಕುರ್ಚಿಯ ಅಂಚು ಹಿಡಿದುಕೊಂಡಳು. ಅವನು ಸಿನಿಮಾ ನೋಡಲಿಲ್ಲ. ಅವಳ ಮುಖವನ್ನೇ ನೋಡುತ್ತಿದ್ದ. ಒಂದು ಸಲವೂ ರೆಪ್ಪೆ ಭಾರವಾಗಲಿಲ್ಲ.

ಹಿಮದ ಬೆಟ್ಟ ಬಂತು. ಆ ಬೆಳಗು ಬಂತು. ಎಲ್ಲರೂ ಎದ್ದರು, ಒಬ್ಬ ಏಳಲಿಲ್ಲ. ದಂಡನಾಯಕ ಬೆಂಕಿಯ ಮುಂದೆ ಕೂತ, ಹೊಗೆ ಎದ್ದಿತು. ಸಂಕಲನಕಾರನಿಗೆ ಎಂದಿನಂತೆ ಕಣ್ಣು ತುಂಬಿತು. ಮಸುಕು ಕಣ್ಣಿನಲ್ಲೇ ಹೆಂಡತಿಯ ಕಡೆ ನೋಡಿದ.

ಅವಳ ಕಣ್ಣು ತೆರೆದೇ ಇತ್ತು. ಒಣಗಿಯೂ ಇತ್ತು. ಅವಳು ಇವನ ಕಡೆ ತಿರುಗಿ, ಮೆಲ್ಲಗೆ, ತಿಳಿದುಕೊಳ್ಳಬೇಕೆಂಬ ಆಸೆಯಿಂದಲೇ ಕೇಳಿದಳು:

“ಇವನ್ಯಾರು ರೀ?”

ಅವನಿಗೆ ಸಿಟ್ಟು ನೆತ್ತಿಗೇರಿತು. “ಯಾರು ಅಂದರೆ? ಅಡುಗೆಯವನು! ಇಷ್ಟು ಹೊತ್ತು ಏನು ನೋಡುತ್ತಿದ್ದೆ ನೀನು?”

“ಅಡುಗೆಯವನು ಇದ್ದನೇ?” ಎಂದಳು ಅವಳು. “ನಿಮ್ಮಾಣೆಗೂ ನಾನು ಕಣ್ಣು ಮುಚ್ಚಲಿಲ್ಲ. ಮೊದಲಿನಿಂದ ಎಣಿಸಿದ್ದೇನೆ, ಏಳೇ ಜನ. ನದಿಯ ಹತ್ತಿರವೂ ಎಣಿಸಿದೆ, ಏಳೇ ಜನ. ಇವನು ಎಲ್ಲಿ ಹತ್ತಿಕೊಂಡ?”

ಕಂಡಕ್ಟರು ನೋಡು, ಜನ ಕಂಡಲ್ಲಿ ತಲೆ ಎಣಿಸುವುದು ಅವಳಿಗೆ ರೂಢಿ. ಅವಳ ಲೆಕ್ಕ ತಪ್ಪುವಂಥದ್ದಲ್ಲ.

ಅವನು ಸಿನಿಮಾವನ್ನು ಹಿಂದಕ್ಕೆ ತಿರುಗಿಸಿ ಮೊದಲಿನಿಂದ ಹುಡುಕಿದ. ಅಡುಗೆಯವನು ಎಲ್ಲಿ? ಒಂದು ಕಡೆ ಸೌಟು ಹಿಡಿದ ಕೈ ಕಂಡಿತು, ಮೂರು ಕ್ಷಣ. ಇನ್ನೊಂದು ಕಡೆ, ಕುದುರೆಯ ಆಚೆ, ಒಂದು ಬೆನ್ನು. ಮುಖ ಎಲ್ಲಿಯೂ ಇಲ್ಲ. ಯಾಕೆ ಇರುತ್ತದೆ? ಅವನು ಇದ್ದದ್ದೆಲ್ಲ ಏನೂ ನಡೆಯದ ಕಡೆಯಲ್ಲೇ. ನಡೆಯುವಾಗ ಹಿಂದೆ ಇದ್ದ, ಕೂತಾಗ ಒಲೆಯ ಹತ್ತಿರ ಇದ್ದ, ಉಣ್ಣುವಾಗ ಬಡಿಸುತ್ತಾ ಇದ್ದ. ಅವನಿಂದ ಕತೆ ಮುಂದಕ್ಕೆ ಹೋಗುತ್ತಿರಲಿಲ್ಲ. ಬೇಡದ್ದನ್ನೆಲ್ಲ ತೆಗೆಯುತ್ತಾ ತೆಗೆಯುತ್ತಾ, ಯಾರಿಗಾಗಿ ಅವಳು ಅಳಬೇಕಿತ್ತೋ ಅವನನ್ನೇ ತೆಗೆದುಹಾಕಿದ್ದ. ಒಂದೂವರೆ ವರ್ಷದಲ್ಲಿ ಒಂದು ದಿನವೂ ಅವನಿಗೆ ಅದು ಕಾಣಲಿಲ್ಲ.

ಹೇಗೆ ಕಾಣುತ್ತದೆ ತಮ್ಮಾ? ಅವನು ಆ ಸಿನಿಮಾವನ್ನು ಐವತ್ತು ಸಲ ನೋಡಿದ್ದ. ಕೈ ಕತ್ತರಿಸಿದ್ದನ್ನು ಕಣ್ಣು ಹಾಗೆಯೇ ಇಟ್ಟುಕೊಂಡಿತ್ತು. ಎರಡು ತಾಸಿನ ಸಿನಿಮಾ ಹಾಕಿಕೊಂಡು ಐದೂವರೆ ತಾಸಿನ ಸಿನಿಮಾಕ್ಕೆ ಅಳುತ್ತಿದ್ದ. ಆ ನಲವತ್ತು ಹುಚ್ಚರೂ ಅಷ್ಟೇ, ಅವರಿಗೂ ಅದು ಬಾಯಿಪಾಠ. ಬರೀ ಕತ್ತರಿಸಿದ್ದನ್ನು ಮಾತ್ರ ನೋಡಿದವಳು ಲೋಕದಲ್ಲಿ ಒಬ್ಬಳೇ. ಅವಳಿಗೆ ತೋರಿಸುವ ಸಲುವಾಗಿಯೇ ಅವನು ಹಾಗೆ ಮಾಡಿಟ್ಟಿದ್ದ.

ಅವನು ಯಂತ್ರದ ಮುಂದೆ ನೆಲದ ಮೇಲೆ ಕೂತುಬಿಟ್ಟ. ಹೆಂಡತಿ ಕುರ್ಚಿಯಿಂದ ಇಳಿದು ಬಂದಳು. ಆಗ ಅವನ ಮುಖ ಅವಳಿಗೆ ಸರಿಯಾಗಿ ಕಂಡಿತು. “ನೀವು ಅಳುತ್ತಿದ್ದೀರಾ?” ಎಂದಳು. ಅವಳು ಅವನ ಕಣ್ಣಿನಲ್ಲಿ ನೀರು ಕಂಡದ್ದು ಅದೇ ಮೊದಲು. “ಈ ಅಡುಗೆಯವನಿಗಾಗಿಯೇ?”

ಅವನು ಹೇಳತೊಡಗಿದ. ಬೇರೆ ದಾರಿ ಇರಲಿಲ್ಲ. ಅವನು ಯಾರು ಗೊತ್ತೇನು, ಎಲ್ಲರಿಗಿಂತ ಮೊದಲು ಅವನೇ ಏಳುತ್ತಿದ್ದ ಎಂದ. ಹಸಿ ಕಟ್ಟಿಗೆ ಊದಿ ಊದಿ ಹೊತ್ತಿಸುತ್ತಿದ್ದ. ಉಪ್ಪು ನೋಡಲು ಒಂದು ಹನಿ ಅಂಗೈಗೆ ಹಾಕಿಕೊಳ್ಳುತ್ತಿದ್ದ, ಆದರೆ ಉಣ್ಣುವುದು ಮಾತ್ರ ಎಲ್ಲರದೂ ಆದ ಮೇಲೆ, ಪಾತ್ರೆಯ ತಳ ಕೆರೆದು. ನನಗೆ ಹಸಿವಿಲ್ಲ ಅನ್ನುತ್ತಿದ್ದ. ಅವನಿಗೆ ಯಾವತ್ತೂ ಹಸಿವಿರುತ್ತಿರಲಿಲ್ಲ ನೋಡು. ಸಂಜೆ ಬಂದರೆ ಹುಬ್ಬಿನ ಮೇಲೆಲ್ಲ ಹಿಟ್ಟು ಕೂತಿರುತ್ತಿತ್ತು, ಆ ಹಿಟ್ಟುಗೈಯಲ್ಲೇ ನನ್ನ ತಲೆ ಸವರುತ್ತಿದ್ದ. ನನ್ನ ಅಂಗಿ ಒಗೆದು, ಒಣಗದಿದ್ದರೆ ಒಲೆಯ ಮುಂದೆ ಹಿಡಿದು ನಿಲ್ಲುತ್ತಿದ್ದ. ನನ್ನ ಪರೀಕ್ಷೆಯ ದಿನ ಗಿರಣಿಗೆ ಹೋಗದೆ, ಶಾಲೆಯ ಗೋಡೆಯ ಹೊರಗೆ ಬಿಸಿಲಲ್ಲಿ ಮೂರು ತಾಸು ಕೂತಿದ್ದ. ಯಾಕೆ ಕೂತೆ ಎಂದರೆ ಸುಮ್ಮನೆ ಅಂದ.

ಸಿನಿಮಾ ಎಲ್ಲಿ ಮುಗಿದು ಅಣ್ಣ ಎಲ್ಲಿ ಶುರುವಾದ ಎಂದು ಹೇಳುವವನಿಗೆ ತಿಳಿಯಲಿಲ್ಲ. ಕೇಳುವವಳಿಗೆ ತಿಳಿಯಿತು. ಅವನು ಹೇಳುತ್ತಲೇ ಇದ್ದ, ಬಿಸಿಲು ಬಾಗಿಲಿಂದ ಇಳಿದು ಅಂಗಳಕ್ಕೆ ಹೋಯಿತು. ಸಿನಿಮಾದಿಂದ ಎಷ್ಟು ಹೊತ್ತಿನದನ್ನು ಕತ್ತರಿಸಿದ್ದನೋ ಹೆಚ್ಚುಕಡಿಮೆ ಅಷ್ಟೇ ಹೊತ್ತು ಹಿಡಿಯಿತು. ಅಷ್ಟೂ ಹೊತ್ತು ಅವಳಿಗೆ ನಿದ್ದೆ ಬರಲಿಲ್ಲ. ಕಡೆಗೆ ಒಂದೇ ಮಾತು ಕೇಳಿದಳು: “ಇಷ್ಟು ವರ್ಷ ಇದನ್ನೆಲ್ಲ ಎಲ್ಲಿ ಇಟ್ಟುಕೊಂಡಿದ್ದಿರಿ?”

ಅಜ್ಜನವರು ಅಲ್ಲಿಗೆ ನಿಲ್ಲಿಸಿದರು. ಮುಂದೆ ಏನಾದರೂ ಹೇಳುತ್ತಾರೆಂದು ಕಲ್ಲಿನಾಥ ಕಾದ.

“ಆಮೇಲೆ?” ಎಂದ.

“ಆಮೇಲೆ ಏನು? ಮರುದಿನ ಅವಳಿಗೆ ಐದರ ಪಾಳಿ ಇತ್ತು. ಎದ್ದು ಹೋದಳು.”

ಕತೆ ಕಲ್ಲಿನಾಥನಿಗೆ ತಟ್ಟಿತ್ತು. ಆದರೆ ಬೆನ್ನಿನ ನೋವು ಇನ್ನೂ ಅಲ್ಲೇ ಇತ್ತು. ಆರು ವರ್ಷದ ದಣಿವು ಒಂದು ಕತೆಗೆ ಇಳಿಯುವಂಥದ್ದಲ್ಲ. ಸುಳ್ಳು ಹೇಳಿ ಹೂಂ ಅನ್ನಲು ಅವನಿಗೆ ಮನಸ್ಸಾಗಲಿಲ್ಲ.

“ಕತೆಯೇನೋ ಚೆನ್ನಾಗಿದೆ ಅಜ್ಜಾರೇ,” ಎಂದ. “ಆದರೆ ನನ್ನದು ಸಿನಿಮಾ ಅಲ್ಲ. ನಾನು ಗುಡಿಸಿದ ಕಸದಲ್ಲಿ ಯಾವ ಅಡುಗೆಯವನೂ ಇರಲಿಲ್ಲ. ನೀವು ಸೋಮವಾರ ಹೇಳಿದ್ದನ್ನೇ ಅವರು ಶಿಬಿರದಲ್ಲಿ ಹೇಳುತ್ತಾರೆ. ಅದೇ ಮಾತು, ಎಂಟೇ ದಿನ. ಹಾಗಿದ್ದ ಮೇಲೆ ಈ ಆರು ವರ್ಷ ನನ್ನನ್ನು ಯಾಕೆ ಇಟ್ಟುಕೊಂಡಿರಿ?”

ಅಜ್ಜನವರು ಅವನನ್ನು ನೋಡಿದರು. ಬೈಯುವಾಗಿನ ಮುಖವೂ ಅಲ್ಲ, ಉಪದೇಶ ಮಾಡುವಾಗಿನ ಮುಖವೂ ಅಲ್ಲ. ಬಹಳ ದಣಿದ ಒಬ್ಬ ಮುದುಕನ ಮುಖ.

“ಹೇಳುತ್ತಾರೆ ತಮ್ಮಾ, ಆ ಮಾತನ್ನು ನನಗಿಂತ ಚೆನ್ನಾಗಿಯೇ ಹೇಳುತ್ತಾರೆ,” ಎಂದರು, “ಆದರೆ ನಾನು ಏಳದ ಬೆಳಿಗ್ಗೆ ‘ಇವನ್ಯಾರು’ ಎಂದು ಕೇಳದ ಒಬ್ಬನಾದರೂ ಈ ಮಠದಲ್ಲಿ ನನಗೆ ಬೇಕಾಗಿತ್ತು.”